ಹೊಂಬಣ್ಣದ ಅಕ್ಕಿ

ಕುಲಾಂತರಿ ಎಂಬ ಮಾತು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿದ ಹೊಸದರಲ್ಲಿ ಅದನ್ನು ಓದಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತಿತ್ತು. ಒಂದು ಕುಲದ್ದನ್ನು ಇನ್ನೊಂದು ಕುಲಕ್ಕೆ ತಂದು ಸೇರಿಸುವುದು ಎಂದು ತಾನೇ ಅದರ ಅರ್ಥ? ಹಾಗಾದರೆ ಮದುವೆಯ ಮಂಟಪದಲ್ಲಿ ಕುಳಿತೇಳುವಷ್ಟರಲ್ಲಿ ಗೋತ್ರ, ಮನೆದೇವರು, ಹೆಸರಿನ ಬಾಲ, ಕಡೆಗೆ ಸಾರಿನ ಪುಡಿಯ ಅಳತೆಯನ್ನು ಕೂಡ ಬದಲಾಯಿಸಿಕೊಂಡು ಬಂದ ನಾವೆಲ್ಲ ಯಾರು? ಕುಲಾಂತರಿಗಳೇ ಅಲ್ಲವೇ? ವ್ಯತ್ಯಾಸ ಇಷ್ಟೇ. ಬೀಜಕ್ಕಾದರೆ ಹತ್ತು ಹನ್ನೆರಡು ವರ್ಷ ಪರೀಕ್ಷೆ, ಸಮಿತಿ, ಒಪ್ಪಿಗೆ ಎಲ್ಲ ಇರುತ್ತದೆ. ನಮಗೆ ಅತ್ತೆಯವರ ಅಡಿಗೆಮನೆಯೇ ಪ್ರಯೋಗಾಲಯ, ಮಾರನೆಯ ಬೆಳಿಗ್ಗೆಯೇ ಪರೀಕ್ಷೆ.

ನಗುವ ವಿಷಯವನ್ನು ಗಂಭೀರವಾಗಿ ಓದಬೇಕಾಗಿ ಬಂದದ್ದು ನಮ್ಮ ಶಾಲೆಯ ಒಂದು ಚರ್ಚಾಸ್ಪರ್ಧೆಯಿಂದ. ‘ಕುಲಾಂತರಿ ಆಹಾರ ಮನುಷ್ಯರಿಗೆ ಹಿತವೇ?’ ಎಂದು ವಿಷಯ. ಹೆಸರು ಕೊಟ್ಟ ಹನ್ನೊಂದು ಮಕ್ಕಳೂ ವಿರೋಧ ಪಕ್ಷಕ್ಕೇ ಕೊಟ್ಟರು. ಪರ ಮಾತಾಡುವವರೇ ಇಲ್ಲದೆ ಚರ್ಚೆ ಹೇಗಾಗುತ್ತದೆ? ಚೀಟಿ ಎತ್ತಿಸಿದೆವು. ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಅಳುಮುಖ ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದಳು. “ಮೇಡಂ, ಇದರಲ್ಲಿ ಒಳ್ಳೇದು ಅಂತ ಏನಾದ್ರೂ ಇದ್ಯಾ? ಇದ್ರೆ ಬರ್ಕೊಡಿ.” ನಾನು ಬಿ.ಎ., ಬಿ.ಎಡ್. ಕಲಿಸುವುದು ಇತಿಹಾಸ ಮತ್ತು ಕನ್ನಡ. ವಿಜ್ಞಾನದ ಮೇಷ್ಟ್ರು ಅರ್ಧ ಹೇಳಿಕೊಟ್ಟರು, ಇನ್ನರ್ಧವನ್ನು ಬೆಂಗಳೂರಿನಲ್ಲಿರುವ ಮಗಳಿಂದ ಫೋನಿನಲ್ಲಿ ಪಾಠ ಹೇಳಿಸಿಕೊಂಡೆ. ಹುಡುಗಿಯ ನಾಲ್ಕು ನಿಮಿಷದ ಭಾಷಣಕ್ಕೆ ಬೇಕಾದದ್ದು ಒಂದೇ ದಿನದಲ್ಲಿ ಸಿಕ್ಕಿತು. ಆದರೆ ನನ್ನ ಓದು ನಿಲ್ಲಲಿಲ್ಲ. ಓದುತ್ತ ಹೋದಂತೆ ಇದು ಪ್ರಯೋಗಾಲಯದ ವಿಷಯವಲ್ಲ, ನಮ್ಮ ಅಡಿಗೆಮನೆಯದು, ನಮ್ಮ ಮನೆಯ ಹಳೆಯ ಕಥೆಗಳದು ಎನ್ನಿಸತೊಡಗಿತು.

ನನ್ನಿಂದಲೇ ಶುರು ಮಾಡುತ್ತೇನೆ. ನನಗೆ ಸಕ್ಕರೆ ಕಾಯಿಲೆ. ಮಾತ್ರೆ ಸಾಲದೆ ಮೂರು ವರ್ಷದಿಂದ ಇನ್ಸುಲಿನ್. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಳ್ಳುವುದು ಈಗ ಹಣೆಗೆ ಕುಂಕುಮ ಇಟ್ಟುಕೊಂಡಷ್ಟೇ ಸಲೀಸು. ಆ ಇನ್ಸುಲಿನ್ ಕೂಡ ಇದೇ ವಿದ್ಯೆಯ ಕೂಸು! ಮನುಷ್ಯರ ದೇಹದಲ್ಲಿ ಇನ್ಸುಲಿನ್ ತಯಾರಿಸುವ ವಂಶವಾಹಿಯನ್ನು, ಅಂದರೆ ಜೀನನ್ನು, ಒಂದು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಲ್ಲಿ ನಮ್ಮ ಕೆಲಸ ಮಾಡಿಸಿಕೊಳ್ಳುವುದು. ಅಮೆರಿಕದಲ್ಲಿ 1982ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಬ್ಯಾಕ್ಟೀರಿಯಾದ ಬದಲು ಯೀಸ್ಟಿನಿಂದ ಇದನ್ನು ಮಾಡಿ ಮಾರುಕಟ್ಟೆಗೆ ತಂದಿತು. ಇಡ್ಲಿ ಹಿಟ್ಟು ಹುಳಿ ಬರಿಸುವಂಥ ಸೂಕ್ಷ್ಮಜೀವಿಗಳ ದೂರದ ಬಳಗವೇ ಈ ಯೀಸ್ಟು.

ಅದಕ್ಕೆ ಮೊದಲು ಇನ್ಸುಲಿನ್ ಎಲ್ಲಿಂದ ಬರುತ್ತಿತ್ತು ಗೊತ್ತೆ? ಕಸಾಯಿಖಾನೆಯಿಂದ. ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ನನ್ನ ಅತ್ತೆಗೂ ಇದೇ ಕಾಯಿಲೆ ಇತ್ತು. ನಾನು ಮದುವೆಯಾಗಿ ಬಂದ ಹೊಸದು, 1994ರ ಸುಮಾರು. ಈರುಳ್ಳಿ ಹೆಚ್ಚಿದ ಈಳಿಗೆಯನ್ನೂ ಬೇರೆ ಇಡುತ್ತಿದ್ದ ಮಡಿವಂತೆ ಆಕೆ. ಪಟ್ಟಣದ ಕಾಂಪೌಂಡರು ದಿನಾ ಬಂದು ಚುಚ್ಚಿ ಹೋಗುತ್ತಿದ್ದರು. ಆ ಸಣ್ಣ ಸೀಸೆಯಲ್ಲಿದ್ದದ್ದು ದನದಿಂದ ತೆಗೆದದ್ದು ಎಂಬುದು ಮಾವನವರಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು, ಮನೆಯ ಗಂಡಸರಿಗೆಲ್ಲ ಗೊತ್ತಿತ್ತು. ಚುಚ್ಚಿಸಿಕೊಳ್ಳುತ್ತಿದ್ದ ಆಕೆಗೊಬ್ಬಳಿಗೆ ಗೊತ್ತಿರಲಿಲ್ಲ. “ಹೇಳಿದ್ರೆ ಬಿಟ್ಟುಬಿಡ್ತಾಳೆ, ಬಿಟ್ರೆ ಉಳಿಯಲ್ಲ” ಎಂದು ಮಾವನವರು. ಅವರ ಲೆಕ್ಕ ತಪ್ಪೆಂದು ಹೇಳಲಾರೆ. ಆಕೆ ಇನ್ನೂ ಒಂಬತ್ತು ವರ್ಷ ಬದುಕಿ ಮೊಮ್ಮಗಳಿಗೆ ಹಸೆಹಾಡು ಕಲಿಸಿ ಹೋದರು. ಆದರೂ ಅವರ ದೇಹಕ್ಕೆ ಏನು ಹೋಗಬೇಕೆಂಬುದನ್ನು ಅವರನ್ನು ಬಿಟ್ಟು ಮಿಕ್ಕವರೆಲ್ಲ ಕೂತು ತೀರ್ಮಾನಿಸಿದ್ದು ಮಾತ್ರ ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿದ ಮುಳ್ಳು. ಈಗಿನ ಇನ್ಸುಲಿನ್ ಆಗ ನಮ್ಮೂರಿಗೆ ಕೈಗೆಟಕುವ ಬೆಲೆಯಲ್ಲಿ ಬಂದಿದ್ದರೆ ಆ ಗುಟ್ಟಿನ ಅಗತ್ಯವೇ ಇರುತ್ತಿರಲಿಲ್ಲ. ಕುಲಾಂತರಿ ವಿದ್ಯೆ ನಮ್ಮತ್ತೆಯ ಮಡಿಯನ್ನು ಉಳಿಸಬಹುದಾಗಿತ್ತು!

“ಔಷಧಿ ಬೇರೆ, ಊಟ ಬೇರೆ” ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದೆ. ಔಷಧಿಯನ್ನು ಕಾಯಿಲೆ ಬಂದವರು ತೆಗೆದುಕೊಳ್ಳುತ್ತಾರೆ, ಊಟವನ್ನು ಎಲ್ಲರೂ ಮಾಡುತ್ತಾರೆ. ಆದರೆ ಊಟದಲ್ಲಿ ಏನೋ ಒಂದು ಇಲ್ಲದ್ದರಿಂದಲೇ ಬರುವ ಕಾಯಿಲೆಗಳಿಗೆ ಏನು ಹೇಳೋಣ?

ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. ಮಳೆ ಕಡಿಮೆ, ತೆಂಗು ಮತ್ತು ರಾಗಿಯ ಸೀಮೆ. 1997ರಲ್ಲಿರಬೇಕು, ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಕೋಲಾಟ ಕಲಿಸುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅಭ್ಯಾಸ. ಐದನೇ ಕ್ಲಾಸಿನ ಒಬ್ಬಳು ಹುಡುಗಿ ಚುರುಕು, ಹಾಡು ಬಾಯಿಪಾಠ, ಹೆಜ್ಜೆ ತಪ್ಪುವುದಿಲ್ಲ. ಆದರೆ ಹೊತ್ತು ಮುಳುಗುತ್ತಿದ್ದಂತೆ ಅವಳ ಕೋಲು ಪಕ್ಕದವಳ ಕೋಲಿಗೆ ತಾಗದೆ ಗಾಳಿಯಲ್ಲಿ ಹೋಗುತ್ತಿತ್ತು. ಮಕ್ಕಳು ನಗುತ್ತಿದ್ದರು. ಒಂದು ಸಂಜೆ ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯುವುದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಮನೆಯ ತನಕ ಕೈ ಹಿಡಿದು ಕರೆದುಕೊಂಡು ಹೋದೆ. ಅಜ್ಜಿ ಬಾಗಿಲಲ್ಲಿ ಕೂತಿದ್ದಳು. “ದೀಪ ಹಚ್ಚೋ ಹೊತ್ತಾದ್ರೆ ಅವಳ್ಗೆ ಕಾಣಾಕಿಲ್ಲ ಕಣವ್ವ. ಹೊನಗೊನ್ನೆ ಸೊಪ್ಪು ತಿನ್ಸಬೇಕಿತ್ತು. ಕೆರೇಲಿ ನೀರೇ ಇಲ್ಲ, ಸೊಪ್ಪು ಎಲ್ಲಿಂದ ತರಾನ?” ಎಂದಳು, ಮಳೆ ಬರಲಿಲ್ಲ ಎನ್ನುವಷ್ಟೇ ಸಹಜವಾಗಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಅವಳ ಕಣ್ಣಿನ ಬಿಳಿಭಾಗದಲ್ಲಿದ್ದ ಸಾಬೂನಿನ ನೊರೆಯಂಥ ಸಣ್ಣ ಮಚ್ಚೆಯನ್ನು ತೋರಿಸಿ, “ಇದು ವಿಟಮಿನ್ ಎ ಇಲ್ಲದ್ದು ಮೇಡಂ. ಇಲ್ಲಿಗೇ ಹಿಡಿದಿದ್ದೀರಿ, ಒಳ್ಳೇದಾಯ್ತು. ಇನ್ನು ಮುಂದಕ್ಕೆ ಹೋಗಿದ್ರೆ ಕಪ್ಪುಗುಡ್ಡೆಯೇ ಕರಗಿಬಿಡ್ತದೆ” ಎಂದರು. ಚಮಚದಲ್ಲಿ ಎಣ್ಣೆಯಂಥ ಔಷಧಿ ಕುಡಿಸಿದರು. ವಾರ ಕಳೆಯುವುದರೊಳಗೆ ಹುಡುಗಿ ಸಂಜೆಯ ಮಬ್ಬಿನಲ್ಲಿ ಓಡಾಡತೊಡಗಿದಳು. ವಾರ್ಷಿಕೋತ್ಸವದ ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಅವಳ ಕೋಲು ಒಂದು ಸಲವೂ ತಪ್ಪಲಿಲ್ಲ. ಒಂದು ಚಮಚ ಔಷಧಿಯ ದೂರದಲ್ಲಿ ಆ ಹುಡುಗಿಯ ಕಣ್ಣಿತ್ತು ಎನ್ನುವುದು ನನಗೆ ಮರೆಯಲಾಗದ ವಿಷಯ.

ನಮ್ಮ ದೇಶದಲ್ಲಿ 1970ರಿಂದಲೂ ಚಿಕ್ಕ ಮಕ್ಕಳಿಗೆ ಈ ಔಷಧಿ ಕುಡಿಸುವ ಕಾರ್ಯಕ್ರಮವಿದೆ. ಈಗ ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ಮೊದಲ ಸಲ, ಆಮೇಲೆ ಆರಾರು ತಿಂಗಳಿಗೊಮ್ಮೆ ಐದು ವರ್ಷದವರೆಗೆ. ಕಣ್ಣು ಕರಗಿಹೋಗುವ ಮಕ್ಕಳು ಈಗ ಅಪರೂಪ, ಅಷ್ಟು ಸಮಾಧಾನ. ಆದರೆ ಕೊರತೆ ಹೋಗಿಲ್ಲ. ಕೇಂದ್ರ ಸರ್ಕಾರ 2016ರಿಂದ 2018ರವರೆಗೆ ದೇಶದ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಒಂದರಿಂದ ನಾಲ್ಕು ವರ್ಷದವರಲ್ಲಿ ಶೇಕಡಾ 18, ಐದರಿಂದ ಒಂಬತ್ತರವರಲ್ಲಿ ಶೇಕಡಾ 22 ಮಕ್ಕಳಿಗೆ ವಿಟಮಿನ್ ಎ ಸಾಲದೆ ಇತ್ತು. ಇದು ಕಣ್ಣಿಗೆ ಮಾತ್ರ ಬೇಕಾದದ್ದಲ್ಲ. ಇದು ಕಡಿಮೆಯಾದ ಮಗುವಿಗೆ ದಡಾರ, ಭೇದಿ ಬಂದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಲೋಕದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದಿಂದ ಐದು ಲಕ್ಷ ಮಕ್ಕಳು ಈ ಕೊರತೆಯಿಂದ ಕಣ್ಣು ಕಳೆದುಕೊಳ್ಳುತ್ತಾರೆ, ಅವರಲ್ಲಿ ಅರ್ಧದಷ್ಟು ಮಕ್ಕಳು ವರ್ಷದೊಳಗೆ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಿಂದೆ ಮಾಡಿದ್ದ ಅಂದಾಜು.

ಈ ಮಕ್ಕಳಿಗೆಂದೇ ಮಾಡಿದ್ದು ಹೊಂಬಣ್ಣದ ಅಕ್ಕಿ. ಗೋಲ್ಡನ್ ರೈಸ್ ಎಂದು ಅದರ ಹೆಸರು. ಸ್ವಿಟ್ಜರ್ಲೆಂಡಿನ ಇಂಗೋ ಪೊಟ್ರೈಕಸ್ ಮತ್ತು ಜರ್ಮನಿಯ ಪೀಟರ್ ಬೇಯರ್ ಎಂಬ ಇಬ್ಬರು ವಿಜ್ಞಾನಿಗಳು ಹಲವು ವರ್ಷ ದುಡಿದು 2000ದಲ್ಲಿ ಅದರ ವಿವರವನ್ನು ಪ್ರಕಟಿಸಿದರು. ವಿಷಯ ಸರಳ. ಗಜ್ಜರಿ, ಕುಂಬಳ, ಪಪಾಯಿಗಳ ಹಳದಿ ಕೆಂಪಿಗೆ ಕಾರಣವಾದ ಕ್ಯಾರೊಟಿನ್ ಎಂಬುದು ನಮ್ಮ ಹೊಟ್ಟೆಗೆ ಹೋದ ಮೇಲೆ ವಿಟಮಿನ್ ಎ ಆಗುತ್ತದೆ. ಭತ್ತದ ಗಿಡಕ್ಕೂ ಅದನ್ನು ಮಾಡಲು ಬರುತ್ತದೆ, ಅದರ ಹಸಿರು ಎಲೆಯಲ್ಲಿ ಮಾಡಿಕೊಳ್ಳುತ್ತದೆ. ಆದರೆ ನಾವು ತಿನ್ನುವ ಕಾಳಿನ ಬಿಳಿ ಭಾಗದಲ್ಲಿ ಮಾತ್ರ ಆ ಒಲೆ ಹೊತ್ತಿಕೊಳ್ಳುವುದಿಲ್ಲ. ಪಾಲಿಶ್ ಮಾಡದ ಕೆಂಪಕ್ಕಿ ತಿಂದರೆ ಬೇರೆ ಲಾಭಗಳಿವೆ, ಈ ಕೊರತೆ ಮಾತ್ರ ಅದರಿಂದಲೂ ತುಂಬುವುದಿಲ್ಲ. ಈ ವಿಜ್ಞಾನಿಗಳು ಡ್ಯಾಫೊಡಿಲ್ ಹೂವಿನ ಒಂದು ಜೀನು, ಬ್ಯಾಕ್ಟೀರಿಯಾದ ಇನ್ನೊಂದು ಜೀನು ತಂದು ಕಾಳಿನೊಳಗೇ ಒಲೆ ಹೊತ್ತಿಸಿದರು. ಅಕ್ಕಿ ಹಳದಿಯಾಯಿತು.

ಮೊದಲ ಸಲದ ಅಕ್ಕಿಯಲ್ಲಿದ್ದ ಕ್ಯಾರೊಟಿನ್ ಕಡಿಮೆ, ಗ್ರಾಮಿಗೆ ಬರೀ 1.6 ಮೈಕ್ರೊಗ್ರಾಂ. ದಿನಕ್ಕೆ ಹಲವು ಕಿಲೋ ಅನ್ನ ತಿಂದರೆ ಮಾತ್ರ ಪ್ರಯೋಜನ ಎಂದು ವಿರೋಧಿಗಳು ಹಾಸ್ಯ ಮಾಡಿದರು, ಆ ಹಾಸ್ಯದಲ್ಲಿ ಹುರುಳಿತ್ತು. 2005ರಲ್ಲಿ ಡ್ಯಾಫೊಡಿಲ್ ಬದಲು ಮೆಕ್ಕೆಜೋಳದ ಜೀನನ್ನು ಇಟ್ಟು ನೋಡಿದಾಗ ಅದು ಇಪ್ಪತ್ತಮೂರು ಪಟ್ಟು ಹೆಚ್ಚಿ 37ಕ್ಕೆ ಏರಿತು. ಬಡ ರೈತರಿಗೆ ಬೀಜದ ಹಕ್ಕಿನ ಹಣ ಕೇಳುವುದಿಲ್ಲ, ಮುಂದಿನ ಬೆಳೆಗೆ ಅವರೇ ಬೀಜ ಇಟ್ಟುಕೊಳ್ಳಬಹುದು ಎಂಬ ಷರತ್ತೂ ಇತ್ತು. ಇನ್ನೊಂದು ಅನುಕೂಲವನ್ನು ವಿಜ್ಞಾನದ ಮೇಷ್ಟ್ರು ತೋರಿಸಿಕೊಟ್ಟರು. ವಿಟಮಿನ್ ಎ ಔಷಧಿಯನ್ನು ಹೆಚ್ಚಾಗಿ ಕುಡಿಸಿದರೆ ವಿಷವಾಗುತ್ತದೆ, ಬಸುರಿಯರಿಗಂತೂ ಅಪಾಯ. ಕ್ಯಾರೊಟಿನ್ ಹಾಗಲ್ಲ, ದೇಹ ತನಗೆ ಬೇಕಾದಷ್ಟನ್ನೇ ಬದಲಾಯಿಸಿಕೊಳ್ಳುತ್ತದೆ. ಆದರೆ ಜೊತೆಗೆ ಸ್ವಲ್ಪ ಎಣ್ಣೆಯೋ ತುಪ್ಪವೋ ಇರಲೇಬೇಕು, ಇಲ್ಲದಿದ್ದರೆ ಅದು ಮೈಗೆ ಹತ್ತುವುದಿಲ್ಲ. ಅನ್ನಕ್ಕೆ ಮೊದಲು ತುಪ್ಪ ಬಡಿಸುವ ನಮ್ಮ ಪದ್ಧತಿಗೆ ಈ ಅಕ್ಕಿ ಹೇಳಿ ಮಾಡಿಸಿದಂತಿದೆ. ತುಪ್ಪ ಇರುವ ಮನೆಗೆ ಈ ಅಕ್ಕಿ ಬೇಕಿಲ್ಲ, ಬೇಕಾದ ಮನೆಯಲ್ಲಿ ತುಪ್ಪ ಇಲ್ಲ ಅನ್ನುವುದು ಬೇರೆ ಮಾತು.

ಇಷ್ಟಾದ ಮೇಲೆ ಅಕ್ಕಿ ಮಕ್ಕಳ ತಟ್ಟೆಗೆ ಬಂದಿರಬೇಕಲ್ಲ? ಇಲ್ಲ. ಇಪ್ಪತ್ತೈದು ವರ್ಷ ದಾಟಿತು. ಫಿಲಿಪ್ಪೀನ್ಸಿನಲ್ಲಿ 2013ರ ಆಗಸ್ಟಿನಲ್ಲಿ ಒಂದು ಗುಂಪು ಪ್ರಯೋಗದ ಗದ್ದೆಗೆ ನುಗ್ಗಿ ಪೈರು ಕಿತ್ತುಹಾಕಿತು. 2016ರಲ್ಲಿ ನೂರಕ್ಕೂ ಹೆಚ್ಚು ನೊಬೆಲ್ ಪ್ರಶಸ್ತಿ ವಿಜೇತರು ಸೇರಿ ವಿರೋಧ ಬಿಡಿ ಎಂದು ಪತ್ರ ಬರೆದರು. ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳು ತಿನ್ನಲು ಅಡ್ಡಿಯಿಲ್ಲ ಎಂದವು. ಆ ದೇಶಗಳಿಗೆ ಅದರ ಅಗತ್ಯವೇನಿತ್ತೋ! ಕಡೆಗೆ 2021ರಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಬೆಳೆಯಲು ಒಪ್ಪಿಗೆ ಕೊಟ್ಟಿತು, ರೈತರು ಬೆಳೆದದ್ದೂ ಆಯಿತು. 2024ರ ಏಪ್ರಿಲಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಸುರಕ್ಷತೆಯ ಬಗ್ಗೆ ಒಮ್ಮತವಿಲ್ಲ ಎಂದು ಆ ಒಪ್ಪಿಗೆಯನ್ನು ರದ್ದುಮಾಡಿತು. ನಮ್ಮಲ್ಲಿ ಬೇರೆಯೇ ಆಯಿತು. ದೆಹಲಿಯ ಕೃಷಿ ವಿಜ್ಞಾನಿಗಳು ನಮ್ಮ ಜನಪ್ರಿಯ ಸ್ವರ್ಣ ಭತ್ತಕ್ಕೆ ಈ ಗುಣವನ್ನು ತಂದು ನೋಡಿದರೆ ಗಿಡ ಕುಳ್ಳಾಗಿ, ಎಲೆ ಬಿಳಿಚಿಕೊಂಡು, ಇಳುವರಿ ಕುಸಿಯಿತು. ಹೊರಗಿಂದ ತಂದ ಜೀನು ಗಿಡದ ಸ್ವಂತ ಜೀನೊಂದರ ನಡುವೆ ಹೋಗಿ ಕೂತಿತ್ತು ಎಂದು ಅವರೇ 2017ರಲ್ಲಿ ಬರೆದರು. ಬಂದ ಸೊಸೆ ಮನೆಯ ಕಂಬಕ್ಕೇ ಗುದ್ದಿಕೊಂಡಂತೆ. ಸಾಗುವಳಿಗೆ ಬಂದದ್ದು ಅದಲ್ಲ, ಬೇರೊಂದು ಬಗೆ, ಅದರಲ್ಲಿ ಈ ತೊಡಕಿರಲಿಲ್ಲ. ಒಂದರಲ್ಲಿ ಆದದ್ದು ಎಲ್ಲದರಲ್ಲೂ ಆಗುತ್ತದೆ ಎನ್ನುವಂತಿಲ್ಲ, ಒಂದು ಸರಿಹೋಯಿತೆಂದು ಎಲ್ಲವೂ ಸರಿ ಎನ್ನುವಂತೆಯೂ ಇಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಈ ಅಕ್ಕಿಯ ಕಥೆಯಲ್ಲಿ ನನ್ನನ್ನು ತುಂಬ ಹೊತ್ತು ಕಾಡಿದ್ದು ಗದ್ದೆಗೆ ನುಗ್ಗಿದವರೂ ಅಲ್ಲ, ನೊಬೆಲ್ ಪಡೆದವರೂ ಅಲ್ಲ. ಚೀನಾದ ಹುನಾನ್ ಪ್ರಾಂತದ ಕೆಲವು ತಾಯಂದಿರು. ಅಕ್ಕಿಯಿಂದ ಮಕ್ಕಳಿಗೆ ನಿಜವಾಗಿ ಎಷ್ಟು ವಿಟಮಿನ್ ಸಿಗುತ್ತದೆ ಎಂದು ನೋಡಲು ಅಲ್ಲಿನ ಒಂದು ಶಾಲೆಯಲ್ಲಿ ಆರರಿಂದ ಎಂಟು ವರ್ಷದ ಮಕ್ಕಳಿಗೆ 2008ರಲ್ಲಿ ಇದನ್ನು ತಿನ್ನಿಸಿದರು. ಫಲಿತಾಂಶ ಚೆನ್ನಾಗಿತ್ತು. ಒಂದು ಸಣ್ಣ ಬಟ್ಟಲು ಅನ್ನದಲ್ಲಿ ಮಗುವಿನ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು ಸಿಕ್ಕಿತು ಎಂದು 2012ರಲ್ಲಿ ಪ್ರಕಟವಾಯಿತು. ಆಮೇಲೆ ತಿಳಿದು ಬಂದದ್ದೇನೆಂದರೆ, ಇದು ಕುಲಾಂತರಿ ಅಕ್ಕಿ ಎಂದು ತಂದೆತಾಯಿಯರಿಗೆ ಸರಿಯಾಗಿ ಹೇಳಿಯೇ ಇರಲಿಲ್ಲ! ಊರೆಲ್ಲ ಗಲಾಟೆಯಾಯಿತು, ಅಧಿಕಾರಿಗಳು ಕೆಲಸ ಕಳೆದುಕೊಂಡರು, ಕುಟುಂಬಗಳಿಗೆ ಪರಿಹಾರ ಕೊಟ್ಟರು. 2015ರಲ್ಲಿ ಆ ಪತ್ರಿಕೆ ಲೇಖನವನ್ನೇ ಹಿಂತೆಗೆದುಕೊಂಡಿತು. ಲೆಕ್ಕ ಸುಳ್ಳು ಎಂದಲ್ಲ, ಒಪ್ಪಿಗೆ ಪಡೆದ ರೀತಿ ಸರಿಯಿಲ್ಲ ಎಂದು.

ಓದಿ ಮುಗಿಸಿ ಸುಮ್ಮನೆ ಕೂತೆ. ಮಕ್ಕಳಿಗೆ ಕೆಡುಕಾಗಲಿಲ್ಲ. ಒಂದು ಬಟ್ಟಲು ಹಳದಿ ಅನ್ನದಿಂದ ಕೆಡುಕಾಗುವಂಥದ್ದೂ ಏನಿರಲಿಲ್ಲ. ಆದರೆ ಆ ತಾಯಂದಿರ ಜಾಗದಲ್ಲಿ ನಿಂತು ನೋಡಿ. ಶಾಲೆಗೆ ಕಳಿಸಿದ ಮಗುವಿನ ಬಾಯಿಗೆ ಏನು ಹಾಕಿದರೆಂಬುದು ನಾಲ್ಕು ವರ್ಷದ ಮೇಲೆ ಬೇರೆಯವರಿಂದ ತಿಳಿಯುವುದು. ನನಗೆ ಕಂಡದ್ದು ಮಾತ್ರ ನಮ್ಮ ಹಜಾರ. ಕುರ್ಚಿಯ ಮೇಲೆ ಅತ್ತೆ, ಸ್ಪಿರಿಟ್ಟಿನ ಹತ್ತಿ ಹಿಡಿದ ಕಾಂಪೌಂಡರು, ಕಿಟಕಿಯತ್ತ ಮುಖ ಮಾಡಿ ನಿಂತ ಮಾವನವರು.

ಇನ್ನು ಬದನೆಕಾಯಿಯ ವಿಷಯ. ಇದು ನಮ್ಮ ರಾಜ್ಯಕ್ಕೆ ಹತ್ತಿರದ್ದು. ಬದನೆಯ ಕುಡಿ, ಕಾಯಿ ಕೊರೆಯುವ ಹುಳುವಿಗಾಗದ ಒಂದು ಪ್ರೋಟೀನನ್ನು ಗಿಡವೇ ಮಾಡಿಕೊಳ್ಳುವ ಹಾಗೆ ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನು ಸೇರಿಸಿದ್ದು ಬಿ.ಟಿ. ಬದನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇದರಲ್ಲಿ ಕೈ ಜೋಡಿಸಿತ್ತು. ನಮ್ಮ ಉಡುಪಿಯ ಮಟ್ಟುಗುಳ್ಳದ ಕುಲ ಕೆಡುತ್ತದೆಂದು ಕರಾವಳಿಯವರು ಕಳವಳಪಟ್ಟರು. ವಾದಿರಾಜರು ಕೊಟ್ಟ ಬೀಜ ಎಂಬ ನಂಬಿಕೆ, ಪರ್ಯಾಯದ ಅಡಿಗೆಗೆ ಅದೇ ಆಗಬೇಕು, ಕಳವಳ ಸಹಜವೇ. 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಮಾತು ಕೇಳಿ ಅದನ್ನು ತಡೆಹಿಡಿದರು. ಮಟ್ಟುಗುಳ್ಳಕ್ಕೆ ಮಾರನೆಯ ವರ್ಷ ಭೌಗೋಳಿಕ ಗುರುತು ಸಿಕ್ಕಿತು.

ಪಕ್ಕದ ಬಾಂಗ್ಲಾದೇಶ 2013ರಲ್ಲಿ ಒಪ್ಪಿತು, ಮರುವರ್ಷ ಇಪ್ಪತ್ತು ರೈತರಿಂದ ಶುರುವಾಯಿತು. ಅಲ್ಲಿ ಆಮೇಲೆ ಮಾಡಿದ ಅಧ್ಯಯನದಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಶೇಕಡಾ 39ರಷ್ಟು ಇಳಿದಿತ್ತು. ಔಷಧಿ ಹೊಡೆದ ಮೇಲೆ ಬರುವ ತಲೆಸುತ್ತು, ಕಣ್ಣುರಿಗಳೂ ಕಡಿಮೆಯಾಗಿದ್ದವು. ನಾವು ಪೇಟೆಯ ಹೆಂಗಸರು ಬದನೆಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಸಿ ತೊಳೆದು ‘ಔಷಧಿ ಹೋಯಿತು’ ಎಂದುಕೊಳ್ಳುತ್ತೇವೆ. ಆ ಔಷಧಿ ನಮಗಿಂತ ಮೊದಲು ಹೊಡೆಯುವವನ ಮೂಗಿಗೆ, ಮಾರನೆಯ ದಿನ ಬಿಡಿಸಲು ಹೋಗುವ ಹೆಣ್ಣಾಳಿನ ಕೈಗೆ, ಅವಳು ಬೆನ್ನಿಗೆ ಕಟ್ಟಿಕೊಂಡ ಕೂಸಿನ ಮೈಗೆ ಹೋಗಿರುತ್ತದೆ. ಆರೋಗ್ಯದ ಲಾಭ ಅಂದ ಕೂಡಲೇ ತಿನ್ನುವವರ ಆರೋಗ್ಯ ಎಂದೇ ನಾವು ಯೋಚಿಸುತ್ತೇವೆ ನೋಡಿ, ಬೆಳೆಯುವವರದ್ದು ಲೆಕ್ಕಕ್ಕೇ ಬರುವುದಿಲ್ಲ.

ಹುಳುವಿನ ವಿಷಯದಲ್ಲಿ ಇನ್ನೊಂದು ಮಾತು. ಮೆಕ್ಕೆಜೋಳದ ತೆನೆಯನ್ನು ಹುಳು ಕೊರೆದ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಫ್ಯುಮೊನಿಸಿನ್ ಎಂಬ ವಿಷವನ್ನು ಬಿಡುತ್ತದೆ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಹುಳು ಮುಟ್ಟದ ಬಿ.ಟಿ. ಜೋಳದಲ್ಲಿ ಈ ವಿಷ ಕಡಿಮೆ ಇರುವುದನ್ನು ಹೊರದೇಶಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ನಮ್ಮ ದಖನ್ ಸೀಮೆಯಲ್ಲಿ 1995ರಲ್ಲಿ ಮಳೆಗೆ ಸಿಕ್ಕಿ ಮುಗ್ಗಿದ ಜೋಳ, ಮೆಕ್ಕೆಜೋಳ ತಿಂದು 27 ಹಳ್ಳಿಗಳಲ್ಲಿ ಜನಕ್ಕೆ ಹೊಟ್ಟೆನೋವು, ಭೇದಿ ಬಂದದ್ದಕ್ಕೆ ಇದೇ ವಿಷ ಕಾರಣ. ಮುಗ್ಗಿದ್ದೆಂದು ಗೊತ್ತಿದ್ದೇ ತಿಂದವರು ಅವರು. ಬೇರೆ ಕಾಳು ಮನೆಯಲ್ಲಿದ್ದರೆ ಯಾರು ಮುಗ್ಗಿದ್ದನ್ನು ತಿನ್ನುತ್ತಾರೆ?

ಇದರಲ್ಲೆಲ್ಲ ಲಾಭವೇ ಇದೆ ಎಂದು ನಾನು ಹೊಗಳುತ್ತಿಲ್ಲ. ದೆಹಲಿಯ ಅಸಿಸ್ ದತ್ತ ಎಂಬ ವಿಜ್ಞಾನಿ ದಂಟಿನ ಜಾತಿಯ ರಾಜಗಿರಿಯ ಜೀನನ್ನು ಆಲೂಗಡ್ಡೆಗೆ ಸೇರಿಸಿ, ಅದರಲ್ಲಿ ಪ್ರೋಟೀನು ಶೇಕಡಾ 60ರವರೆಗೂ ಹೆಚ್ಚಾದದ್ದನ್ನು 2010ರಲ್ಲಿ ತೋರಿಸಿದರು. ಕೇಳಲು ಭರ್ಜರಿ. ಆದರೆ ಆಲೂಗಡ್ಡೆಯಲ್ಲಿ ಮೊದಲು ಇರುವುದೇ ನೂರಕ್ಕೆ ಎರಡು ಪಾಲು ಪ್ರೋಟೀನು, ಅದರ ಮೇಲೆ ಅರವತ್ತು ಹೆಚ್ಚಾದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಒಂದು ಹಿಡಿ ಹುರುಳಿಕಾಳಿಗೆ ಅದು ಸಮವಲ್ಲ. ಸೋಯಾ ಅವರೆಗೆ ಬ್ರೆಜಿಲ್ ನಟ್ ಎಂಬ ಬೀಜದ ಜೀನು ಸೇರಿಸಿದಾಗ, ಆ ಬೀಜ ಒಗ್ಗದವರಿಗೆ ಈ ಸೋಯಾ ಕೂಡ ಒಗ್ಗುವುದಿಲ್ಲ ಎಂದು ಪರೀಕ್ಷೆಯಲ್ಲೇ ತಿಳಿದು 1996ರ ಹೊತ್ತಿಗೆ ಅದನ್ನು ಕೈಬಿಟ್ಟರು. ಹೆದರುವವರು ಇದನ್ನು ಅಪಾಯಕ್ಕೆ ಸಾಕ್ಷಿ ಎನ್ನುತ್ತಾರೆ, ವಿಜ್ಞಾನದ ಮೇಷ್ಟ್ರು ಪರೀಕ್ಷೆ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಎನ್ನುತ್ತಾರೆ. ನನಗೆ ಇಬ್ಬರ ಮಾತೂ ನಿಜವೆನ್ನಿಸುತ್ತದೆ.

ಇನ್ನು “ನುಗ್ಗೆಸೊಪ್ಪು ಇಲ್ಲವೇ, ಇದೆಲ್ಲ ಯಾಕೆ” ಎನ್ನುವವರ ಮಾತು. ಅದು ನನ್ನ ಮಾತೂ ಹೌದು. ಹಿತ್ತಿಲಲ್ಲಿ ಒಂದು ನುಗ್ಗೆ, ಒಂದು ಪಪಾಯಿ ಇದ್ದರೆ ಮನೆಮಂದಿಯ ಕಣ್ಣಿಗೆ ಸಾಕು. ನಮ್ಮ ಶಾಲೆಯ ಕಾಂಪೌಂಡಿನ ಉದ್ದಕ್ಕೂ ನುಗ್ಗೆ ನೆಡಿಸಿದ್ದೇನೆ, ಬಿಸಿಯೂಟದ ಬೇಳೆಗೆ ವಾರಕ್ಕೆರಡು ಸಲ ಬೀಳುತ್ತದೆ. ಆದರೆ ಬರಗಾಲದ ಆ ಹಳ್ಳಿಯ ಅಜ್ಜಿಗೆ ಸೊಪ್ಪಿನ ಗುಣ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೊಮ್ಮಗಳ ತಟ್ಟೆಯಲ್ಲಿ ಬರೀ ಮುದ್ದೆ, ನೀರು ಸಾರು. ತಿಳಿವಳಿಕೆ ಇಲ್ಲದ್ದಕ್ಕೆ ಬಡವರ ಮಕ್ಕಳು ಸೊರಗುತ್ತಾರೆ ಎಂದು ಭಾಷಣ ಮಾಡುವವರು ಒಂದು ಬೇಸಿಗೆಯನ್ನು ಆ ಊರಲ್ಲಿ ಕಳೆಯಬೇಕು. ಎಲ್ಲ ಬರಗಾಲದಲ್ಲೂ ನ್ಯಾಯಬೆಲೆ ಅಂಗಡಿಯಲ್ಲಿ ತಪ್ಪದೆ ಸಿಗುತ್ತಿದ್ದದ್ದು ಒಂದೇ, ಅಕ್ಕಿ. ಆ ಅಕ್ಕಿಯಲ್ಲೇ ಕಣ್ಣಿಗೆ ಬೇಕಾದದ್ದು ಇದ್ದಿದ್ದರೆ?

ಅಂದ ಹಾಗೆ ಈ ವಿದ್ಯೆಯ ಊಟವನ್ನು ನಾವು ಆಗಲೇ ಮಾಡುತ್ತಿದ್ದೇವೆ. 2002ರಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿತು, ಈಗ ದೇಶದ ಹತ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದೇ. ಹತ್ತಿಬೀಜದ ಎಣ್ಣೆಯಲ್ಲಿ ಎಷ್ಟು ಚಕ್ಕುಲಿ, ಕೋಡುಬಳೆ ಕರಿಯುತ್ತಾರೆ, ಹಿಂಡಿಯನ್ನು ಎಷ್ಟು ಹಸು ತಿಂದು ಹಾಲು ಕೊಡುತ್ತವೆ! ಸೋಸಿದ ಎಣ್ಣೆಯಲ್ಲಿ ಆ ಪ್ರೋಟೀನು ಉಳಿಯುವುದಿಲ್ಲ, ಹೆದರಬೇಕಾಗಿಲ್ಲ ಎನ್ನುತ್ತಾರೆ. ಸರಿ, ಹೆದರುವುದಿಲ್ಲ. ಆದರೆ ಅದನ್ನು ನನಗೆ ಹೇಳಿದ್ದು ಅಂಗಡಿಯವನಲ್ಲ, ಡಬ್ಬದ ಮೇಲಿನ ಚೀಟಿಯಲ್ಲ. ಚರ್ಚಾಸ್ಪರ್ಧೆಗೆ ಓದಹೊರಟಿದ್ದರಿಂದ ತಿಳಿಯಿತು.

ಹೇಳದೆ ಕೊಟ್ಟರೆ ಏನಾಗುತ್ತದೆಂದು ನಮ್ಮ ಶಾಲೆಯ ಅಡಿಗೆಮನೆಯಲ್ಲೇ ನೋಡಿದೆ. ಬಿಸಿಯೂಟಕ್ಕೆ ಬರುತ್ತಿದ್ದ ಅಕ್ಕಿಗೆ ಆಗ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಚ್ಚು ಹಾಕಿದ ಕಾಳುಗಳನ್ನು ನೂರಕ್ಕೆ ಒಂದರಂತೆ ಸೇರಿಸಿರುತ್ತಿದ್ದರು. ಅದು ಕುಲಾಂತರಿ ಅಲ್ಲ, ಅಕ್ಕಿಹಿಟ್ಟಿಗೆ ಸತ್ವ ಬೆರೆಸಿ ಶಾವಿಗೆಯ ಹಾಗೆ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿದ್ದು. ನೀರಿಗೆ ಹಾಕಿದರೆ ಕೆಲವು ತೇಲುತ್ತವೆ, ಬಣ್ಣವೂ ಸ್ವಲ್ಪ ಬೇರೆ. ಅಡಿಗೆಯವರು ಮೊರದಲ್ಲಿ ಅಕ್ಕಿ ಹರಡಿಕೊಂಡು ಒಂದೊಂದೇ ಕಾಳನ್ನು ಆರಿಸಿ ಎಸೆಯುತ್ತಿದ್ದರು. “ಪ್ಲಾಸ್ಟಿಕ್ ಅಕ್ಕಿ ಮೇಡಂ, ಸರ್ಕಾರದವ್ರು ಕಲಬೆರಕೆ ಕಳ್ಸವ್ರೆ. ನಮ್ ಮಕ್ಳಿಗೆ ಹಾಕಾಕಾಯ್ತದಾ?” ರಕ್ತಹೀನತೆಯ ಹುಡುಗಿಯರೇ ತುಂಬಿದ ಶಾಲೆಯಲ್ಲಿ ಕಬ್ಬಿಣದ ಕಾಳು ತಿಪ್ಪೆಗೆ ಹೋಗುತ್ತಿತ್ತು, ಅದೂ ಮಕ್ಕಳ ಮೇಲಿನ ಪ್ರೀತಿಯಿಂದ. ಆ ಹೆಂಗಸರನ್ನು ದಡ್ಡರೆನ್ನಲು ನನಗೆ ಬಾಯಿ ಬರಲಿಲ್ಲ. ಗೊತ್ತಿಲ್ಲದ್ದನ್ನು ಮಕ್ಕಳಿಗೆ ಹಾಕದಿರುವುದು ಒಳ್ಳೆಯ ಅಡಿಗೆಯವಳ ಮೊದಲ ಲಕ್ಷಣ.

ಮಾರನೆಯ ದಿನ ಆ ಕಾಳುಗಳನ್ನಷ್ಟೇ ಒಂದು ಲೋಟದಷ್ಟು ಆರಿಸಿಕೊಂಡು ಅವರೆದುರಿಗೇ ಬೇಯಿಸಿದೆವು. ಅನ್ನವಾಯಿತು. ನಾನೂ ತಿಂದೆ, ಹೆಡ್‌ಮೇಷ್ಟ್ರೂ ತಿಂದರು, ಆಮೇಲೆ ಅವರೂ ತಿಂದರು. ಬೆರಳಲ್ಲಿ ಹಿಸುಕಿ ನೋಡಿದರು. ಅಂದಿನಿಂದ ಆರಿಸುವುದು ನಿಂತಿತು. ಇಷ್ಟಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ.

ಆವತ್ತೇ ಮಾತಿಗೆ ಮಾತು ಬಂದು ಹೊಂಬಣ್ಣದ ಅಕ್ಕಿಯ ವಿಷಯವನ್ನೂ ಅವರಿಗೆ ಹೇಳಿದೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಹೊಟ್ಟೂ ಹಳದಿಯಾ, ಗಂಜಿ ಬಸಿದರೆ ಬಣ್ಣ ಹೋಗುತ್ತದಾ, ವಾಸನೆ ಇದೆಯಾ, ಬೀಜ ನಾವೇ ಇಟ್ಟುಕೊಳ್ಳಬಹುದಾ, ಕಿಲೋಗೆ ಎಷ್ಟು ಎಂದು ಮೂವರೂ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ನ್ಯಾಯಾಲಯದಲ್ಲಿ ಕೂಡ ಇಷ್ಟು ಚೆನ್ನಾಗಿ ಕೇಳಿರಲಾರರು. ಕಡೆಗೆ ಹಿರಿಯವಳು ಫೋನನ್ನು ಇನ್ನೊಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿ, “ಬರ್ಲಿ ಬಿಡಿ ಮೇಡಂ, ಮೊದ್ಲು ನಮ್ಗೊಂದ್ ಸೇರು ಕೊಟ್ಟು ಬೇಸಕ್ಕೆ ಹೇಳ್ಲಿ. ಚಿತ್ರಾನ್ನಕ್ಕೆ ಅರಿಶಿನ ಹಾಕೋದಾದ್ರೂ ಉಳೀತದೆ” ಎಂದಳು.